ನಾಯಕನಿಲ್ಲದ ನಿಸರ್ಗ: ಆದಿಕಾಲದ ಛಾಯಾಚಿತ್ರಗಳಲ್ಲಿ ಭಾವ ಮತ್ತು ಸಂಕೇತ

ಚಿತ್ರಗಳ ವಿಷಯವನ್ನು ಚಿತ್ರಗಳಿಲ್ಲದೆ ಹೇಳಹೊರಡುವುದು ಒಂದು ಬಗೆಯ ಸಾಹಸವೇ ಸರಿ. ಶ್ರೋತೃಗಳಿಗೆ ನಮ್ಮ ದನಿ ಮಾತ್ರ ಮುಟ್ಟಬಲ್ಲದು. ಚಿತ್ರವನ್ನು ಅವರವರ ಮನಸ್ಸೇ ಬರೆದುಕೊಳ್ಳಬೇಕು. ಆದಕಾರಣ ಎಲ್ಲರೂ ಕಂಡಿರುವ, ಇಲ್ಲವೇ ಸುಲಭವಾಗಿ ಊಹಿಸಬಲ್ಲ ಒಂದು ನೋಟದಿಂದಲೇ ಪ್ರಾರಂಭಿಸೋಣ.

ಯಾದಗಿರಿ ಜಿಲ್ಲೆಯಲ್ಲಿ, ತೆಲಂಗಾಣದ ಎಲ್ಲೆಗೆ ಸಮೀಪವಾಗಿ, ಕಡೇಚೂರು ಎಂಬ ಗ್ರಾಮವುಂಟು. ಪಶ್ಚಿಮಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣೆ. ನಡುವೆ ಬಯಲು ಭೂಮಿ, ಅಲ್ಲಲ್ಲಿ ಬಂಡೆಗಳ ಗುಡ್ಡ. ಇಂತಹ ಬಯಲಿನಲ್ಲಿ ಬೇಸಗೆಯ ಒಂದು ಸಂಜೆಯನ್ನು ನೆನೆಯೋಣ. ಜೋಳ ಕೊಯ್ದಾದ ಹೊಲದಲ್ಲಿ ಕೂಳೆ ಮಾತ್ರ ನಿಂತಿದೆ. ದನಗಳು ಊರಿಗೆ ಮರಳುತ್ತಿವೆ. ಅವುಗಳ ಗೊರಸಿನಿಂದೆದ್ದ ಧೂಳು ಇಳಿಬಿಸಿಲಿನಲ್ಲಿ ತೇಲುತ್ತಿದೆ. ಹತ್ತಿರದ ಬೇವಿನ ಮರ ಅಚ್ಚ ಕಪ್ಪು. ಅದರಾಚೆಯ ಗುಡ್ಡ ಬೂದಿಯ ಬಣ್ಣ. ಅದಕ್ಕೂ ಆಚೆ ಎಲ್ಲಿ ನೆಲ ಮುಗಿಯಿತು, ಎಲ್ಲಿ ಆಕಾಶ ತೊಡಗಿತು ಎಂಬುದೇ ತಿಳಿಯದು. ಈ ಹೊತ್ತಿಗೆ ನಮ್ಮ ಹಿರಿಯರು ‘ಗೋಧೂಳಿ’ ಎಂಬ ಹೆಸರಿಟ್ಟರು. ನೋಡುವವನ ಎದೆಯಲ್ಲಿ ಆಗ ಏನೋ ಒಂದು ಮೃದುವಾದ ವಿಷಾದ ಮೂಡುತ್ತದೆ. ಆ ವಿಷಾದ ಎಲ್ಲಿದೆ? ಧೂಳಿನಲ್ಲಿಯೆ, ಬೆಳಕಿನಲ್ಲಿಯೆ, ನೋಡುವವನಲ್ಲಿಯೆ? ಒಂದು ಯಂತ್ರವನ್ನು ಅಲ್ಲಿ ನಿಲ್ಲಿಸಿ ಚಿತ್ರ ತೆಗೆದರೆ ಅದೂ ಚಿತ್ರದೊಳಕ್ಕೆ ಬರುತ್ತದೆಯೆ? ಬಂದರೆ, ಅದು ಯಾರ ವಿಷಾದ?

ಈ ಕೊನೆಯ ಪ್ರಶ್ನೆಯೇ ನಮ್ಮ ಇಂದಿನ ಮಾತಿನ ಗುರಿ. ಪಾಶ್ಚಾತ್ಯ ದೇಶಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಒಂದು ಛಾಯಾಚಿತ್ರ ಪಂಥವು, ಯಂತ್ರದಿಂದ ಭಾವವನ್ನು ಹಿಡಿಯಬಹುದೆಂದು ಹಟತೊಟ್ಟು ಸಾಧಿಸಿತು. ಇಂಗ್ಲಿಷಿನಲ್ಲಿ ಅದಕ್ಕೆ ‘ಪಿಕ್ಟೋರಿಯಲಿಸಂ’ ಎಂದು ಹೆಸರು. ನಾವು ಸೌಕರ್ಯಕ್ಕಾಗಿ ಅದನ್ನು ‘ಚಿತ್ರಪಂಥ’ವೆಂದು ಕರೆಯೋಣ. ಆದರೆ ಆ ಪಂಥ ಹುಟ್ಟುವುದಕ್ಕೆ ಮೂವತ್ತು ನಾಲ್ವತ್ತು ವರ್ಷ ಮುಂಚೆಯೇ ನಮ್ಮ ಕನ್ನಡ ನಾಡಿನ ಹಾಳೂರುಗಳ ಚಿತ್ರಗಳಲ್ಲಿ ಅದೇ ಭಾವ, ಯಾರೂ ಬಯಸದೆಯೇ, ಬಂದು ಕುಳಿತಿತ್ತು. ಬಯಸದೆ ಬಂದುದಕ್ಕೂ ಬಯಸಿ ತಂದುದಕ್ಕೂ ಇರುವ ಸಂಬಂಧವನ್ನು ವಿಚಾರಿಸುವುದು ಲಾಭದಾಯಕವಾದೀತು.

ನಿಸರ್ಗದಿಂದ ಭಾವವನ್ನು ಸೂಚಿಸುವುದು ನಮಗೆ ಹೊಸದಲ್ಲ. ಕಡೇಚೂರಿಗೆ ಬಹಳ ದೂರವೇನೂ ಅಲ್ಲದ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಕನ್ನಡದ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ ಹುಟ್ಟಿತು. ಆ ತರುವಾಯದ ನಮ್ಮ ಚಂಪೂ ಕವಿಗಳು ಅಷ್ಟಾದಶ ವರ್ಣನೆಗಳನ್ನು ಕಾವ್ಯದ ಅಂಗವೆಂದೇ ಭಾವಿಸಿದರು. ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯ, ಇವೆಲ್ಲ ಆ ಹದಿನೆಂಟರಲ್ಲಿ ಸೇರಿದುವು. ಅಲಂಕಾರಶಾಸ್ತ್ರವು ಇವಕ್ಕೆ ‘ಉದ್ದೀಪನ ವಿಭಾವ’ವೆಂಬ ಹೆಸರು ಕೊಟ್ಟಿದೆ. ಬೆಳದಿಂಗಳಾಗಲಿ ಮುಗಿಲಾಗಲಿ ತಾನಾಗಿ ರಸವಲ್ಲ. ಮೊದಲೇ ಹೃದಯದಲ್ಲಿರುವ ಸ್ಥಾಯಿಭಾವವನ್ನು ಅದು ಊದಿ ಉರಿಸುತ್ತದೆ. ಆ ಹೃದಯವಿರಬೇಕಾದರೆ ಒಬ್ಬ ನಾಯಕನೋ ನಾಯಿಕೆಯೋ ಇರಬೇಕು. ಅವರು ‘ಆಲಂಬನ ವಿಭಾವ’. ಆದುದರಿಂದ ನಮ್ಮ ಕಾವ್ಯದ ಸಂಜೆ ಯಾವಾಗಲೂ ಒಬ್ಬರ ಸಂಜೆ: ಅಗಲಿದ ಪ್ರಿಯೆಯ ಸಂಜೆ, ಸೋತು ಹಿಂದಿರುಗಿದ ವೀರನ ಸಂಜೆ. ಯಾರದೂ ಅಲ್ಲದ ಸಂಜೆಯೆಂಬುದು ಅಲ್ಲಿಲ್ಲ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಈಗ ಛಾಯಾಚಿತ್ರಗಳ ಕಡೆಗೆ ತಿರುಗೋಣ.

ಕ್ರಿಸ್ತ ಶಕ ೧೮೫೫ನೆಯ ವರ್ಷ. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸರಕಾರವು ಪಶ್ಚಿಮ ಭಾರತದ ಪ್ರಾಚೀನ ಕಟ್ಟಡಗಳ ಚಿತ್ರಗಳನ್ನು ತೆಗೆಯುವುದಕ್ಕಾಗಿ ತೋಪುಖಾನೆಯ ಅಧಿಕಾರಿಯಾದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬಾತನನ್ನು ನೇಮಿಸಿತು. ಆತನು ಬಿಜಾಪುರ, ಬಾದಾಮಿ, ಐಹೊಳೆ ಮುಂತಾದ ಸ್ಥಳಗಳಲ್ಲಿ ಚಿತ್ರ ತೆಗೆದನು. ವರ್ಷ ಮುಗಿಯುವಷ್ಟರಲ್ಲಿ ಸೈನ್ಯವು ಆತನನ್ನು ಮರಳಿ ಕರೆಯಿತು; ಆ ಕೆಲಸವು ವೈದ್ಯನಾದ ವಿಲಿಯಂ ಹೆನ್ರಿ ಪಿಗೋ ಎಂಬಾತನ ಪಾಲಿಗೆ ಬಂದಿತು. ಅದೇ ಕಾಲದಲ್ಲಿ, ಎಂದರೆ ೧೮೫೫-೫೬ರಲ್ಲಿ, ಮದರಾಸು ಸೈನ್ಯದ ಅಧಿಕಾರಿಯಾದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು ಹಂಪೆಯ ಹಾಳುಗಳನ್ನು ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದನು. ಇವರಾರೂ ತಮ್ಮನ್ನು ಕಲಾವಿದರೆಂದು ಸಾರಿಕೊಂಡವರಲ್ಲ. ಕಂಡುದನ್ನು ಕಂಡಂತೆ ದಾಖಲಿಸುವುದೇ ಅವರಿಗೆ ವಹಿಸಿದ ಕೆಲಸವಾಗಿತ್ತು.

ಆದರೂ ಆ ಚಿತ್ರಗಳನ್ನು ಇಂದು ನೋಡಿದರೆ ಮನಸ್ಸು ಒಮ್ಮೆಗೇ ಮೌನವಾಗುತ್ತದೆ. ಆಕಾಶ ಬರಿದಾಗಿ ಬಿಳಿಯಾಗಿದೆ. ಒಂದು ಮೋಡದ ತುಣುಕೂ ಇಲ್ಲ. ಮರದ ಎಲೆಗಳು ಮಂಜಿನಂತೆ ಕರಗಿವೆ. ಬೀದಿಯಲ್ಲಿ ಜನರಿಲ್ಲ. ಕಲ್ಲಿನ ಅಂಚುಗಳು ಕಾಗದದ ನಾರಿನಲ್ಲಿ ಇಂಗಿ ಮೆದುವಾಗಿವೆ. ಕಾಲವೇ ಅಲ್ಲಿ ನಿಂತುಹೋಗಿದೆಯೇನೋ ಎಂಬ ಭಾವ. ಇದನ್ನು ಯಾರು ಮಾಡಿದರು? ಉತ್ತರ ಸರಳವಾಗಿದೆ: ರಸಾಯನವು ಮಾಡಿತು. ಆ ಕಾಲದ ಬೆಳ್ಳಿಯ ಲವಣಗಳು ನೀಲಿ ಬೆಳಕಿಗೆ ಬಹು ಬೇಗನೆ ಕರಗುವ ಮನಸ್ಸಿನವು. ಹಸುರಿಗೂ ಕೆಂಪಿಗೂ ಒಲಿಯುತ್ತಿರಲಿಲ್ಲ. ನೆಲದ ಮೇಲಿನ ಕಲ್ಲು ಮೂಡುವಷ್ಟು ಹೊತ್ತು ಮಸೂರವನ್ನು ತೆರೆದಿಟ್ಟರೆ ಆಕಾಶವು ಬೆಳಕಿನಿಂದ ತುಂಬಿ ತುಳುಕಿ, ಮೋಡವೆಲ್ಲ ಅಳಿಸಿಹೋಗುತ್ತಿತ್ತು. ಮೇಣ ಹಚ್ಚಿದ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ತೋರಿಸಬೇಕಾಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ಗಾಳಿಗೆ ಅಲುಗಿದ ಎಲೆ ಮಂಜಾಯಿತು. ನಡೆದುಹೋದ ಮನುಷ್ಯನು ಮಾಯವಾದನು. ಅಲುಗದೆ ನಿಲ್ಲೆಂದು ಹೇಳಿ ನಿಲ್ಲಿಸಿದವನು ಮಾತ್ರ ಉಳಿದನು. ಸಂತೆಗೆ ಹೋಗುವವನು, ನೀರು ತರುವವಳು, ಆಡು ಮೇಯಿಸುವ ಹುಡುಗ, ಇವರೆಲ್ಲ ಆ ಕಲ್ಲುಗಳ ನಡುವೆ ನಡೆದಾಡಿದರೂ ಕಾಗದದ ಮೇಲೆ ನಿಲ್ಲಲಾರದೆ ಹೋದರು. ನಾವು ಹಾಳುಬಿದ್ದ ಊರಿನ ನಿರ್ಜನತೆಯೆಂದು ನಿಟ್ಟುಸಿರಿಡುವುದರಲ್ಲಿ ಒಂದು ಪಾಲು ಊರಿನದು, ಇನ್ನೊಂದು ಪಾಲು ಬೆಳ್ಳಿಯ ಲವಣದ್ದು.

ಈ ಕೊರತೆಗಳು ಆಗಿನವರಿಗೆ ಕೊರತೆಗಳಾಗಿಯೇ ಕಂಡುವು. ಫ್ರಾನ್ಸಿನ ಗುಸ್ತಾವ್ ಲ ಗ್ರೆ ಎಂಬ ಪ್ರವೀಣನು ೧೮೫೬-೫೭ರ ಸುಮಾರಿಗೆ ಕಡಲಿಗೆ ಒಂದು, ಆಕಾಶಕ್ಕೆ ಇನ್ನೊಂದು, ಹೀಗೆ ಎರಡು ನೆಗೆಟಿವ್‌ಗಳನ್ನು ಕೂಡಿಸಿ ಒಂದೇ ಚಿತ್ರ ಮಾಡಿ ಮೋಡಗಳನ್ನು ಮರಳಿ ತಂದನು. ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್‌ಸನ್ ೧೮೬೯ರಲ್ಲಿ ಬರೆದ ತನ್ನ ಗ್ರಂಥದಲ್ಲಿ, ಛಾಯಾಚಿತ್ರಗಾರನು ವರ್ಣಚಿತ್ರಗಾರನ ರಚನಾನಿಯಮಗಳನ್ನು ಕಲಿಯಬೇಕೆಂದು ವಾದಿಸಿದನು. ೧೮೭೧ರಲ್ಲಿ ಒಣಫಲಕದ ವಿಧಾನವು ಬೆಳಕಿಗೆ ಬಂದಿತು. ಮುಂದಿನ ಎರಡು ದಶಕಗಳಲ್ಲಿ ಯಂತ್ರವು ಸುಲಭವಾಯಿತು, ತೀಕ್ಷ್ಣವಾಯಿತು, ಅಗ್ಗವಾಯಿತು. ಎಲ್ಲರ ಕೈಗೂ ಕ್ಯಾಮರಾ ಬಂದಾಗ, ಕಲೆಯ ಅಭಿಮಾನವುಳ್ಳವರಿಗೆ ಒಂದು ಚಿಂತೆ ಹುಟ್ಟಿತು: ಎಲೆ ಎಲೆಯನ್ನೂ ಎಣಿಸಿಕೊಡುವ ಈ ಯಂತ್ರದಲ್ಲಿ ಮನುಷ್ಯನ ಪಾಲು ಏನು?

ಚಿತ್ರಪಂಥವು ಈ ಚಿಂತೆಗೆ ಕೊಟ್ಟ ಉತ್ತರ. ಪೀಟರ್ ಹೆನ್ರಿ ಎಮರ್‌ಸನ್ ವೈದ್ಯವಿದ್ಯೆಯನ್ನು ಕಲಿತವನು. ಇಂಗ್ಲೆಂಡಿನ ಪೂರ್ವದ ಜೌಗು ನಾಡಿನಲ್ಲಿ ಹುಲ್ಲು ಕೊಯ್ಯುವವರ, ದೋಣಿ ನಡೆಸುವವರ ಚಿತ್ರಗಳನ್ನು ೧೮೮೬ರಲ್ಲಿ ಪ್ರಕಟಿಸಿದನು. ಮನುಷ್ಯನ ಕಣ್ಣು ನಡುವಿನದನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಸುತ್ತಲಿನದು ಮಬ್ಬು. ಆದುದರಿಂದ ಎಲ್ಲವನ್ನೂ ಚೂಪಾಗಿ ತೋರಿಸುವ ಚಿತ್ರವೇ ಸುಳ್ಳು ಎಂದು ಅವನು ೧೮೮೯ರ ತನ್ನ ಗ್ರಂಥದಲ್ಲಿ ಹೇಳಿದನು. ಎರಡು ವರ್ಷ ತುಂಬುವುದರೊಳಗೆ, ಛಾಯಾಚಿತ್ರವು ಕಲೆಯಾಗಲಾರದೆಂದು ತಾನೇ ಸಾರಿ ಆ ವಾದವನ್ನು ಹಿಂತೆಗೆದುಕೊಂಡನು. ಆದರೆ ಬಿಟ್ಟ ಬಾಣ ಮರಳುವುದುಂಟೆ? ಜಾರ್ಜ್ ಡೇವಿಸನ್ ೧೮೯೦ರಲ್ಲಿ ಮಸೂರವನ್ನೇ ತೆಗೆದುಹಾಕಿ, ಸೂಜಿಮೊನೆಯಷ್ಟು ರಂಧ್ರದಿಂದ ಬೆಳಕನ್ನು ಬಿಟ್ಟು, ಒರಟು ಕಾಗದದ ಮೇಲೆ ಈರುಳ್ಳಿಯ ಹೊಲವೊಂದರ ಚಿತ್ರವನ್ನು ಮಾಡಿದನು. ಹೂಬಿಟ್ಟ ಗಿಡಗಳು, ದೂರದ ಮನೆಗಳು, ಎಲ್ಲವೂ ನೆನಪಿನಲ್ಲಿ ಕಂಡಂತೆ ಮೆತ್ತಗೆ. ೧೮೯೨ರಲ್ಲಿ ಲಂಡನ್ನಿನಲ್ಲಿ ‘ಲಿಂಕ್ಡ್ ರಿಂಗ್’ ಎಂಬ ಮಂಡಲಿಯೂ, ೧೯೦೨ರಲ್ಲಿ ನ್ಯೂಯಾರ್ಕಿನಲ್ಲಿ ಆಲ್‌ಫ್ರೆಡ್ ಸ್ಟೀಗ್ಲಿಟ್ಸನ ‘ಫೋಟೋ-ಸಿಸೆಷನ್’ ಮಂಡಲಿಯೂ ಹುಟ್ಟಿಕೊಂಡುವು. ಸ್ಟೀಗ್ಲಿಟ್ಸನು ೧೯೦೩ರಿಂದ ೧೯೧೭ರ ವರೆಗೆ ನಡೆಸಿದ ‘ಕ್ಯಾಮರಾ ವರ್ಕ್’ ಪತ್ರಿಕೆಯು ಈ ಪಂಥದ ಪುರಾಣವೂ ಹೌದು, ಪಂಚಾಂಗವೂ ಹೌದು.

ಅವರ ಉಪಾಯಗಳನ್ನು ಸ್ವಲ್ಪ ನೋಡಬೇಕು. ಬೆಳ್ಳಿಯ ಕಾಗದದ ಹೊಳಪನ್ನು ತೊರೆದು, ೧೮೭೩ರಲ್ಲಿ ವಿಲಿಯಂ ವಿಲ್ಲಿಸ್ ಕಂಡುಹಿಡಿದ ಪ್ಲಾಟಿನಂ ಕಾಗದವನ್ನು ಅವರು ಒಪ್ಪಿಕೊಂಡರು. ಅದರಲ್ಲಿ ಕಪ್ಪಿಗೂ ಬಿಳುಪಿಗೂ ನಡುವೆ ಬೂದಿಯ ಬಣ್ಣದ ಅಸಂಖ್ಯ ಮೆಟ್ಟಿಲುಗಳು. ಗೋಂದಿನಲ್ಲಿ ಬಣ್ಣ ಕಲಸಿ ಕಾಗದಕ್ಕೆ ಬಳಿದು, ಬೆಳಕು ತೋರಿಸಿ, ಬೇಡವಾದುದನ್ನು ಕುಂಚದಿಂದ ತೊಳೆದು ತೆಗೆಯುವ ವಿಧಾನವೂ ಅವರಿಗೆ ಪ್ರಿಯವಾಯಿತು. ಅಲ್ಲಿ ಕೈಯ ಗುರುತು ಚಿತ್ರದಲ್ಲಿ ಉಳಿಯುತ್ತಿತ್ತು. ಮಂಜು, ಹಿಮ, ಮಳೆ, ಸಂಜೆ, ಹೊಗೆ, ಇವು ಅವರ ಋತುಗಳು. ೧೮೯೩ರ ಹಿಮಬಿರುಗಾಳಿಯಲ್ಲಿ ಸ್ಟೀಗ್ಲಿಟ್ಸನು ನ್ಯೂಯಾರ್ಕಿನ ಬೀದಿಯೊಂದರಲ್ಲಿ ಮೂರು ಗಂಟೆಗಳ ಕಾಲ ಕಾದು ನಿಂತು ಕುದುರೆಗಾಡಿಯೊಂದರ ಚಿತ್ರ ತೆಗೆದನೆಂದು ಹೇಳುತ್ತಾರೆ. ಎಡ್ವರ್ಡ್ ಸ್ಟೈಖನ್ ೧೯೦೪ರಲ್ಲಿ ಮಾಡಿದ ಬೆಳದಿಂಗಳ ಕೊಳದ ಚಿತ್ರವಂತೂ ಈ ಪಂಥದ ಶಿಖರ: ಕಪ್ಪು ಮರಗಳ ಸಾಲು, ಅವುಗಳ ಹಿಂದೆ ಚಂದ್ರ, ನೀರಿನಲ್ಲಿ ಅವೆಲ್ಲದರ ನೆರಳು. ಅದರ ಒಂದು ಪ್ರತಿಯು ೨೦೦೬ರಲ್ಲಿ ಹರಾಜಿನಲ್ಲಿ ಸುಮಾರು ೨೯ ಲಕ್ಷ ಡಾಲರುಗಳಿಗೆ ಮಾರಾಟವಾಯಿತು.

ಈಗ ನಮ್ಮ ಅಳತೆಗೋಲನ್ನು ಇಲ್ಲಿಡೋಣ. ಸ್ಟೈಖನ್ನನ ಕೊಳದ ಬಳಿ ಯಾರೂ ಇಲ್ಲ. ಉದ್ದೀಪನವುಂಟು, ಆಲಂಬನವಿಲ್ಲ, ಚಂದ್ರನಿದ್ದಾನೆ, ನಾಯಕನಿಲ್ಲ. ಹಾಗಾದರೆ ಆ ವಿಷಾದ ಯಾರದು? ನೋಡುವವನದು. ಬರಿದಾದ ಆ ಪೀಠದಲ್ಲಿ ನೋಡುವವನೇ ಹೋಗಿ ಕುಳಿತುಕೊಳ್ಳುತ್ತಾನೆ. ಕೊಳವು ಅವನ ಏಕಾಂತಕ್ಕೆ ಸಂಕೇತವಾಗುತ್ತದೆ, ಹಾದಿಯು ಅವನ ಬಾಳಿಗೆ, ಮಬ್ಬು ಅವನ ಸಂದೇಹಕ್ಕೆ. ೧೯೨೦ರ ದಶಕದಲ್ಲಿ ಸ್ಟೀಗ್ಲಿಟ್ಸನು ಬರಿಯ ಮೋಡಗಳ ಚಿತ್ರಗಳನ್ನು ತೆಗೆದು ಅವಕ್ಕೆ ‘ಸಮಾನಗಳು’ ಎಂಬರ್ಥದ ಹೆಸರಿಟ್ಟನು. ತನ್ನ ಅಂತರಂಗದ ಅನುಭವಗಳಿಗೆ ಅವು ಸಮಾನವೆಂಬುದು ಅವನ ಅಭಿಪ್ರಾಯ. ಇದು ದೊಡ್ಡ ಸಾಧನೆ. ಅದನ್ನು ನಾವು ಕಿರಿದುಮಾಡುವುದಿಲ್ಲ. ತನ್ನ ಊರಿನ ಕೊಳವನ್ನು, ತನ್ನ ಊರಿನ ಮುಗಿಲನ್ನು ಒಬ್ಬನು ತನ್ನ ಮನಸ್ಸಿಗೆ ಸಂಕೇತವಾಗಿ ಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲ.

ಆದರೆ ಇನ್ನೊಬ್ಬರ ಊರನ್ನು ಹಾಗೆ ಮಾಡಿಕೊಂಡರೆ? ಇಲ್ಲಿ ನಾವು ಮತ್ತೆ ಸಗರನಾಡಿಗೆ, ಎಂದರೆ ಶಹಾಪುರ ಸುರಪುರಗಳ ಸೀಮೆಗೆ ಹಿಂದಿರುಗಬೇಕು. ಬಿಗ್ಸ್, ಪಿಗೋ ಮತ್ತು ಎ. ಸಿ. ಬಿ. ನೀಲ್ ಎಂಬ ಇನ್ನೊಬ್ಬ ಅಧಿಕಾರಿ ತೆಗೆದ ಚಿತ್ರಗಳನ್ನು ಕೂಡಿಸಿ ೧೮೬೬ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪದ ಮೇಲೆ ಭವ್ಯವಾದ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಶಿಲ್ಪದ ವಿಚಾರವನ್ನು ಬರೆದವನು ಜೇಮ್ಸ್ ಫರ್ಗ್ಯುಸನ್. ಇತಿಹಾಸವನ್ನೂ ವಿವರಣೆಯನ್ನೂ ಬರೆದವನು ಕರ್ನಲ್ ಮೆಡೋಸ್ ಟೇಲರ್.

ಈ ಟೇಲರನನ್ನು ಸುರಪುರದವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ೧೮೪೧ರಲ್ಲಿ ಸುರಪುರಕ್ಕೆ ಬಂದು ೧೮೫೩ರ ವರೆಗೆ ಅಲ್ಲಿಯ ಆಡಳಿತವನ್ನು ನಡೆಸಿದನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನಿಗೆ ಪೋಷಕನಂತಿದ್ದನು. ಬಾಲಕನು ತನ್ನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಬೋನಾಳದ ಕೆರೆಯನ್ನು ವಿಸ್ತರಿಸಿದನು. ರಾಜನಕೋಳೂರು ಮೊದಲಾದ ಕಡೆಗಳಲ್ಲಿದ್ದ ಬೃಹತ್ ಶಿಲಾಸಮಾಧಿಗಳನ್ನು ಪರೀಕ್ಷಿಸಿ ವಿದ್ವಾಂಸರ ಗಮನಕ್ಕೆ ತಂದನು. ಚಿತ್ರ ಬರೆಯಬಲ್ಲವನು, ಕಾದಂಬರಿಕಾರನೆಂದೂ ಪ್ರಸಿದ್ಧನಾದನು. ಬೆಟ್ಟದ ಮೇಲೆ ಅವನು ಕಟ್ಟಿಸಿದ ‘ಟೇಲರ್ ಮಂಜಿಲ್’ ಇಂದಿಗೂ ನಿಂತಿದೆ. ಈ ನೆಲವನ್ನು ಅವನು ಪ್ರೀತಿಸಿದನೆಂಬುದರಲ್ಲಿ ಸಂದೇಹವಿಲ್ಲ.

ಅವನು ಹೊರಟುಹೋದ ಐದು ವರ್ಷಗಳಿಗೆ, ೧೮೫೮ರ ಫೆಬ್ರವರಿಯಲ್ಲಿ, ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದನು. ಸುರಪುರ ಸೋತಿತು. ನಾಯಕನು ಹೈದರಾಬಾದಿನಲ್ಲಿ ಸೆರೆಸಿಕ್ಕಿದನು; ಮರಣದಂಡನೆ ವಿಧಿಸಿ ಆಮೇಲೆ ಅದನ್ನು ಇಳಿಸಿದರು; ಸೆರೆಗೆ ಒಯ್ಯುತ್ತಿರುವಾಗ ಅದೇ ವರ್ಷ ಗುಂಡೇಟಿನಿಂದ ಮಡಿದನು. ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ. ೧೮೬೦ರಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ಅದೇ ವರ್ಷ ಟೇಲರನು ಭಾರತವನ್ನು ಬಿಟ್ಟನು. ಅದಾಗಿ ಆರು ವರ್ಷಗಳಿಗೆ, ನಾವು ಹೇಳಿದ ಆ ಗ್ರಂಥವು ಹೊರಬಂದಿತು.

ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಲಂಡನ್ನಿನ ಒಬ್ಬ ಓದುಗನು ತನ್ನ ಮನೆಯ ಬೆಂಕಿಯ ಬಳಿ ಕುಳಿತು ಆ ಪುಟಗಳನ್ನು ತಿರುವುತ್ತಾನೆ. ಬಿಳಿಯ ಆಕಾಶ, ಮುರಿದ ಗೋಪುರ, ಜನರಿಲ್ಲದ ಅಂಗಳ. ಒಂದು ಕಾಲಕ್ಕೆ ಇಲ್ಲಿ ಘನತೆಯಿತ್ತು, ಈಗ ಏನೂ ಇಲ್ಲ. ಪಾಪ, ಈ ಭೂಮಿಯು ಒಡೆಯನಿಗಾಗಿ ಕಾದಿದೆ ಎಂಬ ಭಾವ ಅವನಲ್ಲಿ ಹುಟ್ಟಿದರೆ ಆಶ್ಚರ್ಯವೇನು? ಚಿತ್ರ ತೆಗೆದವರು ಹಾಗೆ ಹೇಳಿದರೆಂದು ನಾವು ಅನ್ನುವುದಿಲ್ಲ. ಟೇಲರನು ಹಾಗೆ ಬಗೆದನೆಂದೂ ಅಲ್ಲ. ಹಾಳುಗಳನ್ನು ಉಳಿಸಿಕೊಳ್ಳಬೇಕೆಂಬ ಸದುದ್ದೇಶವೂ ಆ ಕೆಲಸದಲ್ಲಿತ್ತು. ಆದರೆ ಚಿತ್ರದಲ್ಲಿ ನಾಯಕನ ಪೀಠ ಬರಿದಾಗಿದ್ದರೆ ನೋಡುವವನು ಅಲ್ಲಿ ಕುಳಿತುಕೊಳ್ಳುತ್ತಾನೆಂದು ಈಗಾಗಲೇ ಕಂಡೆವು. ಕೊಳದ ಚಿತ್ರದಲ್ಲಿ ಅದು ಕೇವಲ ಅಲಂಕಾರಶಾಸ್ತ್ರದ ಮಾತು. ಸುರಪುರದಂತಹ ನಾಡಿನಲ್ಲಿ ನಾಯಕನೆಂಬುದು ಬರಿಯ ಶಾಸ್ತ್ರದ ಪದವಲ್ಲ. ಅಲ್ಲಿಯ ಅರಸುಮನೆತನದ ಹೆಸರೇ ಅದು. ಬೆಳ್ಳಿಯ ಲವಣದಿಂದ ಬರಿದಾದ ಅಂಗಳವೂ ಬಂದೂಕಿನಿಂದ ಬರಿದಾದ ಗದ್ದುಗೆಯೂ ದೂರದ ಕಣ್ಣಿಗೆ ಒಂದೇ ನಿರ್ಜನತೆಯಾಗಿ ಕಂಡುವು.

ಹಾಗೆಂದು ಆ ಚಿತ್ರಗಳನ್ನು ತಳ್ಳಿಬಿಡಬೇಕೆ? ಎಂದಿಗೂ ಇಲ್ಲ. ಗ್ರೀನ್‌ಲಾ ತೆಗೆದ ಹಂಪೆಯ ಚಿತ್ರಗಳ ಕಥೆ ಇದಕ್ಕೆ ಸಾಕ್ಷಿ. ಬಹುಕಾಲ ಮರೆಯಾಗಿದ್ದ ಆ ಕಾಗದದ ನೆಗೆಟಿವ್‌ಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಬೆಳಕಿಗೆ ಬಂದುವು. ವಿಜಯವಿಠಲ ದೇವಾಲಯದ ಕಲ್ಲಿನ ರಥವನ್ನು ಇಂದು ಎಲ್ಲರೂ ಬಲ್ಲರು. ನಮ್ಮ ನೋಟಿನ ಮೇಲೂ ಅದರ ಚಿತ್ರವುಂಟು. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಒಂದು ಶಿಖರವಿದೆ, ಇಂದು ಅದಿಲ್ಲ. ಮಂಕಾದ, ಮೌನವಾದ, ಕನಸಿನಂತಹ ಅದೇ ಚಿತ್ರವು ಒಂದು ಕಟ್ಟಡದ ಅಂಗವು ಇದ್ದುದಕ್ಕೂ ಹೋದುದಕ್ಕೂ ಪ್ರಮಾಣವಾಯಿತು. ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕನು ೧೯೮೩ರಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅದೇ ನೆಲೆಯಿಂದ ಮತ್ತೆ ಚಿತ್ರಗಳನ್ನು ತೆಗೆದನು. ಎರಡನ್ನೂ ಹೋಲಿಸಿ ನೋಡುವವನಿಗೆ ಭಾವ ಯಾವುದು, ಸಂಗತಿ ಯಾವುದು ಎಂಬುದು ತಾನಾಗಿ ಬೇರ್ಪಡುತ್ತದೆ. ಹಳೆಯ ಚಿತ್ರಕ್ಕೆ ಮರುಳಾಗದೆ, ಅದನ್ನು ತಿರಸ್ಕರಿಸದೆ, ಅದರೊಡನೆ ವ್ಯವಹರಿಸಬೇಕಾದ ಬಗೆ ಇದು.

ಚಿತ್ರ ತೆಗೆಯುವವನು ಹೊರಗಿನಿಂದಲೇ ಬಂದವನಾಗಿರಬೇಕೆಂಬ ನಿಯಮವೂ ಇಲ್ಲ. ಯಾದಗಿರಿ ಸುರಪುರಗಳು ನಿಜಾಮನ ರಾಜ್ಯದಲ್ಲಿದ್ದ ಕಾಲದಲ್ಲಿಯೇ, ಮೀರತಿನ ಬಳಿಯ ಸರ್ಧಾನದಿಂದ ಬಂದು ಸಿಕಂದರಾಬಾದಿನಲ್ಲಿ ನೆಲಸಿದ ಲಾಲಾ ದೀನದಯಾಳರು ೧೮೯೪ರಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನ ಛಾಯಾಗ್ರಾಹಕರಾದರು. ‘ರಾಜಾ’ ಎಂಬ ಬಿರುದನ್ನು ಪಡೆದರು. ಅವರ ಚಿತ್ರಗಳಲ್ಲಿ ಕೋಟೆಯೂ ಬಂಡೆಯೂ ಕೆರೆಯೂ ಸ್ಫುಟವಾಗಿವೆ, ತುಂಬಿಕೊಂಡಿವೆ. ಲಂಡನ್ನಿನ ಚಿತ್ರಪಂಥದವರು ಮಬ್ಬನ್ನು ಬಯಸುತ್ತಿದ್ದ ಅದೇ ದಶಕದಲ್ಲಿ ಇಲ್ಲಿಯ ದರಬಾರು ಸ್ಪಷ್ಟತೆಯನ್ನು ಬಯಸಿತು. ತನ್ನ ರಾಜ್ಯವು ಹಾಳಲ್ಲ, ಬಾಳುತ್ತಿದೆ ಎಂದು ತೋರಿಸುವುದು ಅದಕ್ಕೆ ಬೇಕಾಗಿತ್ತು. ಅಲ್ಲಿಯೂ ಒಂದು ಪೀಠವಿದೆ. ಆದರೆ ಅದು ತುಂಬಿದೆ, ಅದರಲ್ಲಿ ಅರಸನಿದ್ದಾನೆ. ಹೊಲದ ಒಕ್ಕಲಿಗನಿಗೆ ಅಲ್ಲಿಯೂ ಸ್ಥಳ ಸ್ವಲ್ಪವೇ.

ಚಿತ್ರಪಂಥವು ತನ್ನ ಹುಟ್ಟೂರುಗಳಲ್ಲಿ ೧೯೧೭ರ ಹೊತ್ತಿಗೆ ಬಲಗುಂದಿತು. ‘ಕ್ಯಾಮರಾ ವರ್ಕ್’ನ ಕೊನೆಯ ಸಂಚಿಕೆಯಲ್ಲಿ ಪಾಲ್ ಸ್ಟ್ರಾಂಡ್ ಎಂಬ ತರುಣನ ನಿಷ್ಠುರವಾದ, ಮಬ್ಬಿಲ್ಲದ ಚಿತ್ರಗಳು ಬಂದುವು. ಆದರೆ ನಮ್ಮ ದೇಶದ ಛಾಯಾಚಿತ್ರ ಸಂಘಗಳ ಪ್ರದರ್ಶನಗಳಲ್ಲಿ ಆ ಅಭಿರುಚಿ ಆಮೇಲೆಯೂ ದಶಕಗಳ ಕಾಲ ಬದುಕಿತು. ಧೂಳೆಬ್ಬಿಸುವ ಎತ್ತಿನ ಗಾಡಿ, ಮರಗಳ ನಡುವೆ ಇಳಿಯುವ ಬೆಳಕಿನ ಕೋಲುಗಳು, ಮಂಜಿನಲ್ಲಿ ಒಂಟಿ ದೋಣಿ, ಇವನ್ನು ನಾವೆಲ್ಲ ಕ್ಯಾಲೆಂಡರುಗಳಲ್ಲಿ ಕಂಡವರೇ. ಅದರಲ್ಲಿ ಒಂದು ಗೆಲವೂ ಉಂಟು: ಗೋಧೂಳಿಯು ನಮ್ಮದೇ ಹೊತ್ತು, ಅದಕ್ಕೆ ನಮ್ಮದೇ ಹೆಸರು. ಆದರೆ ಗಾಡಿ ಹೊಡೆಯುವವನು ಅಲ್ಲಿ ಬೆಳಕಿಗೆ ಬೆನ್ನು ಕೊಟ್ಟ ಕರಿಯ ಆಕೃತಿ ಮಾತ್ರ. ಅವನಿಗೆ ಮುಖವಿಲ್ಲ. ಆ ಸಂಜೆ ಅವನದಾಗಲಿಲ್ಲ. ಅವನೇ ಸಂಜೆಯ ಒಂದು ಅಂಗವಾದನು.

ಶಹಾಪುರದ ಬಳಿ ಒಂದು ಬೆಟ್ಟಸಾಲು ಇದೆ. ರಸ್ತೆಯ ಒಂದು ನೆಲೆಯಿಂದ ನೋಡಿದರೆ ಆ ಶಿಖರಗಳು ಕೂಡಿ, ಮಲಗಿದ ಬುದ್ಧನಂತೆ ಕಾಣುತ್ತವೆ: ಹಣೆ, ಮೂಗು, ತುಟಿ, ಎದೆ. ಜನರು ಅದನ್ನು ‘ಬುದ್ಧ ಮಲಗಿದ ಬೆಟ್ಟ’ವೆಂದೇ ಕರೆಯುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಬುದ್ಧನಿಲ್ಲ. ಬಂಡೆಗಳು, ಜಾಲಿ, ಕುರಿಹಾದಿ. ಬುದ್ಧನು ಸುಳ್ಳೆಂದು ಇದರ ಅರ್ಥವಲ್ಲ. ಎಲ್ಲಿ ನಿಂತರೆ ಅವನು ಕಾಣುತ್ತಾನೆಂಬುದು ಅಲ್ಲಿಯವರಿಗೆಲ್ಲ ತಿಳಿದಿದೆ. ಬಂದವರಿಗೆ ಅವರೇ ಆ ಜಾಗವನ್ನು ತೋರಿಸುತ್ತಾರೆ. ನೆಲದಲ್ಲಿ ಸಂಕೇತವನ್ನು ಕಾಣುವುದಕ್ಕೆ ಇಷ್ಟು ಪ್ರಾಮಾಣಿಕವಾದ ರೀತಿ ಇನ್ನೊಂದಿರಲಾರದು. ಛಾಯಾಚಿತ್ರಕ್ಕೂ ನಾವು ಕೇಳಬೇಕಾದುದು ಇದನ್ನೇ: ತೆಗೆದವನು ಎಲ್ಲಿ ನಿಂತಿದ್ದನು? ಯಾರು ಅವನ ಚೌಕಟ್ಟಿನಿಂದ ಹೊರಗೆ ಉಳಿದರು?

ಕೊನೆಯದಾಗಿ ಮತ್ತೆ ಕಡೇಚೂರು. ನಾವು ಮೊದಲು ನೆನೆದ ಆ ಬಯಲಿನ ಒಂದು ದೊಡ್ಡ ಭಾಗ ಈಗ ಬೇರೆಯಾಗಿದೆ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ೩,೦೦೦ ಎಕರೆಗಳಿಗಿಂತಲೂ ಹೆಚ್ಚು ಭೂಮಿಯನ್ನು ಸರಕಾರವು ವಶಪಡಿಸಿಕೊಂಡಿದೆ. ಅಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳೂ ಎದ್ದಿವೆ. ಸುತ್ತಲಿನ ಊರವರು ಗಾಳಿಯ ಬಗೆಗೆ, ನೀರಿನ ಬಗೆಗೆ ದೂರಿಕೊಂಡ ವಾರ್ತೆ ಪತ್ರಿಕೆಗಳಲ್ಲಿ ಬಂದಿದೆ. ಸ್ಟೀಗ್ಲಿಟ್ಸನು ೧೯೦೨ರಲ್ಲಿ ರೈಲುಗಾಡಿಯ ಕರಿಯ ಹ���ಗೆಯ ಚಿತ್ರ ತೆಗೆದು ಅದಕ್ಕೆ ‘ಮನುಷ್ಯನ ಕೈ’ ಎಂಬರ್ಥದ ಹೆಸರಿಟ್ಟನು. ಹೊಸ ಯುಗದ ಸಂಕೇತವೆಂದು ನೋಡಿದವರು ಮೆಚ್ಚಿದರು. ಇಂದು ಒಬ್ಬ ತರುಣನು ಕಡೇಚೂರಿನ ಸಂಜೆಯಲ್ಲಿ ಕ್ಯಾಮರಾ ಹಿಡಿದು ನಿಂತರೆ ಅವನಿಗೂ ಮಬ್ಬು ಕಾಣುತ್ತದೆ. ಬೇವಿನ ಮರ ಕಪ್ಪಾಗಿ, ದೂರದ ಗುಡ್ಡ ಬೂದಿಯಾಗಿ ಚಿತ್ರ ಚೆನ್ನಾಗಿಯೇ ಬರುತ್ತದೆ. ಆ ಮಬ್ಬಿನಲ್ಲಿ ದನದ ಧೂಳು ಎಷ್ಟು, ಹೊಗೆ ಎಷ್ಟು ಎಂಬುದನ್ನು ಚಿತ್ರವು ಹೇಳಲಾರದು. ಅದನ್ನು ಹೇಳಬಲ್ಲವನು ಆ ಹೊಲದ ಬದುವಿನ ಮೇಲೆ ನಿಂತು ಅದನ್ನೇ ಉಸಿರಾಡುತ್ತಿರುವವನು.

ಚಿತ್ರ ತೆಗೆಯುವ ಮೊದಲು ಅವನನ್ನು ಒಂದು ಮಾತು ಕೇಳುವುದು ಒಳ್ಳೆಯದು. ಆ ಸಂಜೆ ಅವನದು.